ಪದಸೂಚಿಯ ತಂತ್ರಾಂಶವೂ ದೇವರ ಎತ್ತುಗಳೂ

ಒಂದು ಧರ್ಮಗ್ರಂಥದ ವ್ಯಾಸಂಗಕ್ಕಾಗಿ ನಿರ್ಮಿತವಾದ ಉಪಕರಣದಿಂದ ಮತ್ತೊಂದು ಸಂಪ್ರದಾಯದ ನಂಬಿಕೆಗಳನ್ನು ಅರಿಯುವುದು ಸಾಧ್ಯವೆ? ಸಾಧ್ಯವಾದಲ್ಲಿ ಅದರ ಎಲ್ಲೆ ಯಾವುದು? ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ದೇವರ ಎತ್ತುಗಳನ್ನು ಕುರಿತು ಸಂಪ್ರಬಂಧವನ್ನು ಸಿದ್ಧಪಡಿಸುತ್ತಿರುವ, ಕುದಾಪುರದ ಆಸುಪಾಸಿನ ಹಟ್ಟಿಯೊಂದರಿಂದ ಬಂದ ನಮ್ಮ ವಿದ್ಯಾರ್ಥಿಯೊಬ್ಬನು ತನ್ನ ಕೆಲಸಕ್ಕೆ ಬೈಬಲ್ ವ್ಯಾಸಂಗದ ತಂತ್ರಾಂಶವೊಂದನ್ನು ಬಳಸಿದುದರಿಂದ ಈ ಪ್ರಶ್ನೆ ನಮ್ಮ ಮುಂದೆ ಬಂದಿತು. ಮೊದಲು ನನಗೆ ಇದು ವಿನೋದವೆಂದೇ ತೋರಿತ್ತು. ಈಗ ಹಾಗೆ ತೋರುವುದಿಲ್ಲ.

ಈ ಬಗೆಯ ಉಪಕರಣವು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಡೊಮಿನಿಕನ್ ಸಂನ್ಯಾಸಿಗಳು, ಸಾಂ-ಶೇರ್‌ನ ಹ್ಯೂಗನ ನೇತೃತ್ವದಲ್ಲಿ, ಲ್ಯಾಟಿನ್ ಬೈಬಲಿನ ಪದಗಳು ಎಲ್ಲೆಲ್ಲಿ ಬರುತ್ತವೆಂಬ ಸೂಚಿಯನ್ನು ರಚಿಸಿದರು. ಇಂಗ್ಲಿಷಿನಲ್ಲಿ ಅಲೆಕ್ಸಾಂಡರ್ ಕ್ರೂಡೆನ್ ಎಂಬಾತನು 1737ರಲ್ಲಿ ಇದೇ ಕಾರ್ಯವನ್ನು ಮಾಡಿದನು. 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಪ್ರಕಟಿಸಿದ ಸೂಚಿಯು ಒಂದು ಹೆಜ್ಜೆ ಮುಂದೆ ಹೋಯಿತು. ಹೇಗೆಂದರೆ, ಇಂಗ್ಲಿಷ್ ಅನುವಾದದ ಪ್ರತಿ ಪದಕ್ಕೂ ಮೂಲದ ಹೀಬ್ರೂ ಅಥವಾ ಗ್ರೀಕ್ ಪದದ ಸಂಖ್ಯೆಯನ್ನು ಅದು ಕೊಟ್ಟಿತು. ಹೀಬ್ರೂ ವಿಭಾಗದ ಸಂಖ್ಯೆಗಳು 8,674ರವರೆಗೆ ಇವೆ. ಮೂಲಭಾಷೆಯನ್ನರಿಯದ ಓದುಗನೂ ಸಂಖ್ಯೆಯನ್ನು ಹಿಡಿದು ಮೂಲಪದದ ಎಲ್ಲ ಪ್ರಯೋಗಗಳನ್ನು ಕಾಣಬಹುದಾಯಿತು. ಇಂದಿನ ಈ-ಸ್ವೋರ್ಡ್ ಮೊದಲಾದ ತಂತ್ರಾಂಶಗಳಲ್ಲಿ ಈ ಸಂಖ್ಯಾಕ್ರಮವೇ ಮುಖ್ಯವಾದ ಆಧಾರವಾಗಿದೆ. ಗಂಟೆಗಟ್ಟಲೆಯ ಹುಡುಕಾಟ ಕ್ಷಣದಲ್ಲಿ ಮುಗಿಯುತ್ತದೆಂಬುದಷ್ಟೇ ಹೊಸತು.

ಇವುಗಳಲ್ಲಿ ಪದಸೂಚಿಯೊಡನೆ ನಿಘಂಟುಗಳೂ ವ್ಯಾಖ್ಯಾನಗಳೂ ಅಡಕವಾಗಿರುತ್ತವೆ. ಬೆಲೆಯಿಲ್ಲದೆ ದೊರೆಯುವ ಪುಸ್ತಕಗಳು ಬಹುಪಾಲು ಕೃತಿಸ್ವಾಮ್ಯದ ಅವಧಿ ಮುಗಿದಂಥವು, ಎಂದರೆ ಹತ್ತೊಂಬತ್ತನೆಯ ಶತಮಾನದವು ಅಥವಾ ಇಪ್ಪತ್ತನೆಯದರ ಆರಂಭದವು. ಈಸ್ಟನ್ನನ ಬೈಬಲ್ ನಿಘಂಟು ಅಂಥದು; 1915ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಬೈಬಲ್ ವಿಶ್ವಕೋಶವೂ ಅಂಥದೇ. ಇವು ಪಾಂಡಿತ್ಯಪೂರ್ಣವಾದರೂ ಅನ್ಯಮತಗಳನ್ನು ತಮ್ಮ ಮತದ ಅಳತೆಗೋಲಿನಿಂದಲೇ ಅಳೆಯುತ್ತವೆ. ವಿದ್ಯಾರ್ಥಿಯು ಅರಿಯದೆ ಜಾರುವ ಎಡೆ ಇದೇ.

ನಮ್ಮ ವಿದ್ಯಾರ್ಥಿ ಜಾರಿದುದೂ ಇಲ್ಲಿಯೇ. ಆತನು ದೇವರು, ಎತ್ತು ಎಂಬ ಎರಡು ಪದಗಳ ಇಂಗ್ಲಿಷ್ ರೂಪಗಳನ್ನು ಹಿಡಿದು ಹುಡುಕಿದನು. ತಂತ್ರಾಂಶವು ಅವನನ್ನು ನೇರವಾಗಿ ವಿಮೋಚನಕಾಂಡದ 32ನೆಯ ಅಧ್ಯಾಯಕ್ಕೆ, ಸೀನಾಯ್ ಬೆಟ್ಟದ ಬುಡದಲ್ಲಿ ಇಸ್ರಾಯೇಲರು ಬಂಗಾರದ ಕರುವನ್ನು ಮಾಡಿಸಿದ ಪ್ರಸಂಗಕ್ಕೆ, ಕೊಂಡೊಯ್ದಿತು. ಅದರ ಪಕ್ಕದಲ್ಲಿ ವಿಗ್ರಹಾರಾಧನೆಯನ್ನು ಕುರಿತ ನಾಲ್ಕಾರು ಲೇಖನಗಳಿದ್ದವು. ಫಲವಾಗಿ ಸಂಪ್ರಬಂಧದ ಮೊದಲ ಕರಡಿನಲ್ಲಿ ದೇವರ ಎತ್ತುಗಳು ‘ಗೋವಿಗ್ರಹಾರಾಧನೆಯ ಅವಶೇಷ’ವಾಗಿ ನಿಂತಿದ್ದವು! ತನ್ನ ಅಜ್ಜಂದಿರು ಕಂಡು ನಡೆದುಕೊಂಡ ಹಿಂಡನ್ನೇ ಆತನು ಬೇರೊಬ್ಬರ ಕನ್ನಡಕದಿಂದ ನೋಡಿ ಬರೆದಿದ್ದನು.

ವಾಸ್ತವವಾಗಿ ಇಲ್ಲಿ ವಿಗ್ರಹದ ಪ್ರಶ್ನೆಯೇ ಇಲ್ಲ. ಮ್ಯಾಸಬೇಡರೂ ಕಾಡುಗೊಲ್ಲರೂ ತಮ್ಮ ದೈವಗಳ ಹೆಸರಿನಲ್ಲಿ ಕಾಪಾಡಿಕೊಂಡು ಬಂದಿರುವ ಜೀವಂತವಾದ ಹಿಂಡುಗಳಿವು. ಇವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತಾಗ ಮಣ್ಣು ಮಾಡುತ್ತಾರೆ. ಮೇಯಿಸಿ ಕಾಯುವವನು ಕಿಲಾರಿ. ಹಿಂಡು ದೈವಕ್ಕೆ ಮೀಸಲು.

ಈ ‘ಮೀಸಲು’ ಎಂಬ ಪದದಿಂದಲೇ ಎರಡನೆಯ ಹುಡುಕಾಟ ಹೊರಟಿತು. ವರ್ಣನೆಯ ಪದಗಳನ್ನು ಬಿಟ್ಟು, ಹಟ್ಟಿಯವರೇ ಬಳಸುವ ಪದದ ಭಾವಕ್ಕೆ ಹೀಬ್ರೂವಿನಲ್ಲಿ ಸಮೀಪವಾದುದು ಯಾವುದೆಂದು ನೋಡಲು ಆತನಿಗೆ ಸೂಚಿಸಲಾಯಿತು. ಸ್ಟ್ರಾಂಗನ 6918ನೆಯ ಸಂಖ್ಯೆಯ ‘ಕಾದೋಷ್’ ಎಂಬ ಪದವನ್ನು ಅನುವಾದಗಳು ‘ಪರಿಶುದ್ಧ’ ಎನ್ನುತ್ತವೆ. ‘ಬೇರೆಯಾಗಿ ಇಡಲ್ಪಟ್ಟುದು’ ಎಂಬ ಭಾವವನ್ನು ವ್ಯಾಖ್ಯಾನಕಾರರು ಅದರಲ್ಲಿ ಕಾಣುತ್ತಾರೆ. ಅದರ ಧಾತುವಿನ ಜಾಡನ್ನು ಹಿಡಿದು ಹೋದಾಗ ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದ 19ನೆಯ ವಚನ ದೊರೆಯಿತು. ಹಿಂಡಿನ ಚೊಚ್ಚಲು ಗಂಡನ್ನು ದೇವರಿಗೆ ಮೀಸಲಿಡಬೇಕು, ಚೊಚ್ಚಲು ಹೋರಿಯಿಂದ ಕೆಲಸ ಮಾಡಿಸಬಾರದು ಎಂಬುದು ಅದರ ತಾತ್ಪರ್ಯ. ಯಾಜಕಕಾಂಡದ 27ನೆಯ ಅಧ್ಯಾಯವು ದೇವರಿಗೆ ಸಂಪೂರ್ಣವಾಗಿ ಅರ್ಪಿತವಾದ ಪಶುವನ್ನು ಮಾರಲಾಗದೆಂದು ವಿಧಿಸುತ್ತದೆ. ನೊಗವಿಲ್ಲ, ಮಾರಾಟವಿಲ್ಲ: ಹೋಲಿಕೆ ಬೆರಗು ಹುಟ್ಟಿಸುವಂಥದು.

ಆದರೆ ಮುಂದಿನ ವಚನವನ್ನೇ ಓದಬೇಕು. ಆ ಚೊಚ್ಚಲನ್ನು ಒಡೆಯನು ತನ್ನ ಮನೆಯವರೊಡನೆ ದೇವಸನ್ನಿಧಿಯಲ್ಲಿ ಭುಜಿಸಬೇಕು. ದೇವರ ಎತ್ತಿನ ವಿಷಯದಲ್ಲಿ ಇಂಥ ಮಾತಿಗೆ ಅವಕಾಶವೇ ಇಲ್ಲ; ಅದಕ್ಕೆ ಸಲ್ಲುವುದು ಸಮಾಧಿ. ಅಲ್ಲಿ ಮೀಸಲು ಬಲಿಯಲ್ಲಿ ಪೂರ್ಣಗೊಳ್ಳುತ್ತದೆ. ಇಲ್ಲಿ ಪಶುವಿನ ಆಯುಷ್ಯದುದ್ದಕ್ಕೂ ನಡೆಯುತ್ತದೆ. ಒಂದು ಸಂಪ್ರದಾಯವು ಮತ್ತೊಂದರಿಂದ ಬಂದಿತೆನ್ನಲು ಇದರಿಂದ ಏನೂ ಸಿದ್ಧಿಸುವುದಿಲ್ಲ. ಸಿದ್ಧಿಸಿದುದು ಒಂದು ಪ್ರಶ್ನೆ: ಎತ್ತು ಸತ್ತಾಗ ಮೀಸಲು ಏನಾಗುತ್ತದೆ? ಇದನ್ನು ಕೇಳಲು ಆತನು ಕಿಲಾರಿಗಳ ಬಳಿಗೆ ಮರಳಿ ಹೋದನು. ತಂತ್ರಾಂಶದಿಂದ ಆದ ನಿಜವಾದ ಉಪಕಾರ ಇಷ್ಟು, ಮತ್ತು ಇದು ಸಣ್ಣದಲ್ಲ.

ಮತಪ್ರಚಾರಕ್ಕೆಂದು ಹುಟ್ಟಿದ ಉಪಕರಣವು ಅನ್ಯಮತದ ಅಧ್ಯಯನಕ್ಕೆ ನೆರವಾದುದು ಕನ್ನಡನಾಡಿನಲ್ಲಿ ಇದೇ ಮೊದಲಲ್ಲ. ಬಾಸೆಲ್ ಮಿಷನ್ನಿನ ಮೋಗ್ಲಿಂಗನು 1848ರಿಂದ ಪ್ರಕಟಿಸಿದ ಗ್ರಂಥಮಾಲೆಯಲ್ಲಿ ಬಸವಪುರಾಣವೂ ದಾಸರ ಪದಗಳೂ ಸೇರಿದ್ದವು. ಕಿಟ್ಟೆಲ್ಲನ 1894ರ ನಿಘಂಟು ಸುಮಾರು 70,000 ಪದಗಳನ್ನೊಳಗೊಂಡು ಇಂದಿಗೂ ಜೈನ, ವೀರಶೈವ ಗ್ರಂಥಗಳನ್ನು ಓದುವವರ ಕೈಯಲ್ಲಿದೆ. ಆತನು ಪದಗಳಿಗೆ ಕನ್ನಡ ಗ್ರಂಥಗಳ ಮತ್ತು ಗಾದೆಗಳ ಪ್ರಯೋಗವನ್ನೇ ಆಧಾರವಾಗಿ ಕೊಟ್ಟುದರಿಂದ, ಅವನ ಅಭಿಪ್ರಾಯಗಳನ್ನು ಒಪ್ಪದವರಿಗೂ ಆ ನಿಘಂಟು ಉಪಯುಕ್ತವಾಯಿತು. ಪ್ರಯೋಗವನ್ನು ತೋರಿಸುವ ಭಾಗವನ್ನು ನಂಬಬಹುದು. ತೀರ್ಪು ಹೇಳುವ ಭಾಗವನ್ನು ಸಂಶಯದಿಂದ ನೋಡಬೇಕು. ತಂತ್ರಾಂಶಕ್ಕೂ ಈ ವಿವೇಕವೇ ಸಲ್ಲುತ್ತದೆ.

ಕನ್ನಡ ಬೈಬಲನ್ನೇ ಹಿಡಿದು ಹುಡುಕಬಯಸುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಮೊಳಕಾಲ್ಮೂರಿನ ನೆರೆಯ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸನ ಶ್ರಮದಿಂದ 1831ರಲ್ಲಿ ಪೂರ್ಣಗೊಂಡ ಅನುವಾದದಿಂದ ಮೊದಲ್ಗೊಂಡು ಕನ್ನಡ ಬೈಬಲುಗಳು ದೇವರು, ಪಾಪ, ಕೃಪೆ ಎಂಬ ಪದಗಳನ್ನು ಈ ನೆಲದ ಮತಗಳಿಂದಲೇ ಪಡೆದವು. ಆದುದರಿಂದ ವಚನಗಳಲ್ಲಿಯೂ ಬೈಬಲಿನಲ್ಲಿಯೂ ‘ಕೃಪೆ’ ಕಂಡರೆ ಅದು ನಂಬಿಕೆಯ ಐಕ್ಯಕ್ಕೆ ಸಾಕ್ಷಿಯಲ್ಲ, ಅನುವಾದಕನ ಆಯ್ಕೆಗೆ ಸಾಕ್ಷಿ.

ವಚನಗಳಿಗಂತೂ ಈಗ ‘ವಚನ ಸಂಚಯ’ವೆಂಬ ಅಂತರ್ಜಾಲದ ಪದಸೂಚಿಯಿದ್ದು, ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಪದವನ್ನು ಹುಡುಕಬಹುದಾಗಿದೆ. ಆದರೆ ಕನ್ನಡದ ಪದವು ಪ್ರತ್ಯಯ ಸೇರಿ, ಸಂಧಿಯಾಗಿ ರೂಪ ಬದಲಿಸುತ್ತದೆ. ಮೀಸಲ್, ಮೀಸಲಾಗಿ, ಮೀಸಲಿಟ್ಟ ಎಂಬಿವನ್ನು ಒಂದೇ ಸಂಖ್ಯೆಯಡಿ ತರುವ ಸ್ಟ್ರಾಂಗನಂಥವನು ನಮಗೆ ಬೇಕಾಗಿದ್ದಾನೆ. ಅಲ್ಲಿಯವರೆಗೆ ವಿದ್ಯಾರ್ಥಿಗಳು ಪ್ರತಿರೂಪವನ್ನೂ ಪ್ರತ್ಯೇಕವಾಗಿ ಹುಡುಕತಕ್ಕದ್ದು.

ದೇವರ ಎತ್ತುಗಳಿಗಾದರೋ ಪಠ್ಯವೇ ಇಲ್ಲ. ಜುಂಜಪ್ಪನ ಕಾವ್ಯದಂಥ ಕೆಲವು ಹಾಡುಗಬ್ಬಗಳು ಅಚ್ಚಾಗಿವೆ. ಉಳಿದುದು ಕಿಲಾರಿಗಳ ಮತ್ತು ಪೂಜಾರಿಗಳ ಬಾಯಲ್ಲಿದೆ. ಕುದಾಪುರದ ಅಮೃತಮಹಲ್ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ಸೇರಿದ ಮೇಲೆ ಸುತ್ತಣ ಬಯಲು ಮೊದಲಿನಂತೆ ಉಳಿದಿಲ್ಲ. ಮೇವಿನ ನೆಲ ಕಿರಿದಾದಷ್ಟೂ ಹಿಂಡನ್ನೂ ಅದರ ಮಾತನ್ನೂ ಬಲ್ಲವರು ವಿರಳರಾಗುವರು. ನಮ್ಮ ವಿದ್ಯಾರ್ಥಿಯು ಈಗ ಹಟ್ಟಿಯ ಪದಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಹೇಳಿದವರಾರು, ಯಾವ ಸಂದರ್ಭದಲ್ಲಿ ಎಂಬುದನ್ನು ಕೆಳಗೆ ನಮೂದಿಸುತ್ತಿದ್ದಾನೆ. ಚೀಟಿಗಳಿಗೆ ಸಂಖ್ಯೆಯನ್ನೂ ಕೊಟ್ಟಿದ್ದಾನೆ. ಮೊದಲನೆಯ ಚೀಟಿ ‘ಮೀಸಲು’.