ಪಾಯೆಸ್ ಬರೆಯದ ಸೇತುವೆ

ರಾಜಾಜಿನಗರದ ನಮಗೆ ಸೇತುವೆ ಎಂದರೆ ಮೇಲ್ಸೇತುವೆ. ಬಸ್ಸು ವೃಷಭಾವತಿಯನ್ನು ದಾಟಿದ್ದು ಮೂಗಿಗೆ ಗೊತ್ತಾಗುತ್ತದೆಯೇ ಹೊರತು ಕಣ್ಣಿಗಲ್ಲ. ಇಂಥ ನಾವು ಹಂಪಿಗೆ ಹೋದರೂ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಪಟ ತೆಗೆಸಿಕೊಂಡು ಮರಳಿಬಿಡುತ್ತೇವೆ. ಅಲ್ಲಿಂದ ಹೊಳೆಯ ಕಡೆ ಇಳಿದರೆ, ಪುರಂದರ ಮಂಟಪದ ಹತ್ತಿರ, ತುಂಗಭದ್ರೆಯೊಳಗೆ ಒರಟು ಕಲ್ಲುಕಂಬಗಳು ಸಾಲಾಗಿ ನಿಂತಿವೆ. ವಿಜಯನಗರದ ಕಾಲದ ಸೇತುವೆಯೊಂದರಲ್ಲಿ ಉಳಿದದ್ದು ಇಷ್ಟೇ.

ಅವುಗಳ ನಡುವಿನ ಅಂತರವನ್ನು ಮೊದಲು ನೋಡಬೇಕು. ಈ ಸೀಮೆಯ ಕಲ್ಲು ನೆಟ್ಟಗೆ ನಿಲ್ಲಿಸಿದರೆ ಎಷ್ಟು ಭಾರವನ್ನಾದರೂ ಹೊತ್ತೀತು; ಅಡ್ಡ ಮಲಗಿಸಿ ಭಾರ ಹೇರಿದರೆ ನಡುವೆ ಮುರಿಯುತ್ತದೆ. ಆದ್ದರಿಂದ ತೊಲೆಗಳು ಗಿಡ್ಡ, ಕಂಬಗಳು ಒತ್ತೊತ್ತು. ಒತ್ತಾದ ಕಂಬಗಳಿಗೆ ನೆರೆಯಲ್ಲಿ ತೇಲಿಬರುವ ಮರಮಟ್ಟು ಸಿಕ್ಕಿಕೊಂಡರೆ ಹೊಳೆಯ ರಭಸವೆಲ್ಲ ಅವುಗಳ ಮೇಲೇ ಬೀಳುತ್ತದೆ.

ಕಲ್ಲು ಹೇಳದ್ದನ್ನು ಪ್ರವಾಸಿಗರ ಬರಹದಲ್ಲಿ ಹುಡುಕಬೇಕು. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಕಂಡದ್ದನ್ನೆಲ್ಲ ಬರೆದಿಟ್ಟವನು. ಹೊಳೆಯಾಚೆಯ ಆನೆಗೊಂದಿಯ ಕಡೆಗೆ ಜನ ದಾಟುತ್ತಿದ್ದುದು ಬುಟ್ಟಿಯ ಹಾಗೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳಲ್ಲಿ ಎನ್ನುತ್ತಾನೆ. ನಮ್ಮ ಹರಿಗೋಲೇ ಅದು. ಒಂದೊಂದರಲ್ಲಿ 15–20 ಜನ; ದನ, ಕುದುರೆಗಳು ಹೆಚ್ಚಾಗಿ ಈಜಿಯೇ ದಾಟುತ್ತಿದ್ದವಂತೆ. ಸೇತುವೆಯ ಮಾತಿಲ್ಲ. ಹತ್ತಿರದಲ್ಲೇ ಗಟ್ಟಿ ಸೇತುವೆಯಿದ್ದರೆ ಬೆಲೆಬಾಳುವ ಕುದುರೆಯನ್ನು ಯಾರು ನೀರಿಗೆ ಇಳಿಸುತ್ತಾರೆ? ಆಗಲೇ ಅದು ಮುರಿದಿರಬೇಕು, ಇಲ್ಲವೇ ಕಾಲ್ನಡಿಗೆಯವರಿಗಷ್ಟೇ ಇದ್ದಿರಬೇಕು. ರಾಜಧಾನಿಯ ಹೆದ್ದಾರಿಯೇ ಇದರ ಮೇಲೆ ಹಾದಿತ್ತು ಎನ್ನುವ ಮಾತನ್ನು ನಾನಂತೂ ನಂಬಲಾರೆ.

ಹಂಪಿಗೂ ಸೇತುವೆಗೂ ಏನೋ ಆಗಿಬರುವುದಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಊರು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿತ್ತು. ಕಾರಣ, ಆನೆಗೊಂದಿಗೆ ಕಟ್ಟುತ್ತಿದ್ದ ಹೊಸ ಸೇತುವೆ ಮತ್ತು ಹೊಳೆನಡುವಿನ ವಿರೂಪಾಪುರಗಡ್ಡೆಯ ಕಾಲುಸೇತುವೆ. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ ಆನೆಗೊಂದಿಯ ಸೇತುವೆ ಮುಗಿಯುವ ಮೊದಲೇ ಕುಸಿದು ಕಾರ್ಮಿಕರು ಸತ್ತರು.

ಕಂಬಗಳನ್ನು ನೋಡಲು ಬೇಸಿಗೆಯಲ್ಲಿ ಹೋಗಿ; ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಪುರಂದರ ಮಂಟಪವೇ ಮುಳುಗುತ್ತದೆ. ಹತ್ತಬೇಡಿ, ದಡದಿಂದಲೇ ಪಟ ತೆಗೆದು ದಿನಾಂಕ ಬರೆದಿಡಿ. ಬೇರೆ ಬೇರೆ ವರ್ಷಗಳ ಪಟಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ನೆರೆಗೆ ಯಾವ ಕಂಬ ವಾಲಿತೆಂದು ತಿಳಿಯುತ್ತದೆ.