ಫ್ಯೂಸ್ ಯಾಕೆ ಹೋಗಲಿಲ್ಲ? ಪಂಪ್‌ಸೆಟ್ಟಿನ ಅರ್ಥಿಂಗ್ ಬಗ್ಗೆ ನಾಲ್ಕು ಮಾತು

ಕೊಳವೆಬಾವಿಗೆ ಲಕ್ಷಗಟ್ಟಲೆ ಸುರಿಯುವ ನಾವು ಅರ್ಥಿಂಗ್ ಅಂದರೆ ಒಂದು ತಂತಿ, ಒಂದು ಗೂಟ ಅಂದುಕೊಂಡಿದ್ದೇವೆ. ಎಲೆಕ್ಟ್ರಿಷಿಯನ್ ಸ್ಟಾರ್ಟರ್ ಕೂರಿಸಿ ಹೊರಡುವಾಗ, ಉಳಿದ ತುಂಡು ತಂತಿಯನ್ನು ಸಿಕ್ಕಿದ ಕಬ್ಬಿಣಕ್ಕೆ ಸುತ್ತಿದರೆ ಅಲ್ಲಿಗೆ ಆಯಿತು. ಮಲೆನಾಡಿನ ಹಸಿ ಮಣ್ಣಿನಲ್ಲಿ ಅದೂ ಒಂದಷ್ಟು ನಡೆದೀತು. ನಮ್ಮ ಕಡಲೆಕಾಯಿ ಸೀಮೆಯ ಗರಸು ಮಣ್ಣಿನಲ್ಲಿ ಆ ತಂತಿ ಇದ್ದೂ ಇಲ್ಲದ ಹಾಗೆ.

ಎರಡು ವರ್ಷದ ಹಿಂದೆ ಪಕ್ಕದ ಹೊಲದವರ ಎತ್ತು ಸ್ಟಾರ್ಟರ್ ಪೆಟ್ಟಿಗೆಯ ಕಬ್ಬಿಣದ ಸ್ಟ್ಯಾಂಡಿಗೆ ಮೈ ಉಜ್ಜಲು ಹೋಗಿ ನಿಂತ ಜಾಗದಲ್ಲೇ ಬಿತ್ತು. ಹಿಂದಿನ ರಾತ್ರಿ ಮಳೆಯಾಗಿತ್ತು. ನಾವು ಓಡಿ ಹೋಗಿ ಒಣ ಕೋಲಿನಿಂದ ಮೈನ್ ಎಳೆಯುವವರೆಗೂ ಮೋಟಾರು ಓಡುತ್ತಲೇ ಇತ್ತು, ನೀರು ಬೀಳುತ್ತಲೇ ಇತ್ತು. ಪೆಟ್ಟಿಗೆಯೊಳಗೆ ಒಂದು ಫೇಸ್ ತಂತಿಯ ಸಿಪ್ಪೆ ಸವೆದು ತಗಡಿಗೆ ತಾಗಿತ್ತು. ಅರ್ಥ್ ತಂತಿ ಇತ್ತು, ತುಂಡಾಗಿರಲಿಲ್ಲ. ಫ್ಯೂಸೂ ಸರಿಯಾಗಿಯೇ ಇತ್ತು. ‘ಅರ್ಥ್ ಇದ್ದ ಮೇಲೆ ಫ್ಯೂಸ್ ಹೋಗಬೇಕಿತ್ತಲ್ಲ’ ಅಂತ ಎಲ್ಲರದೂ ಒಂದೇ ಪ್ರಶ್ನೆ. ನಿವೃತ್ತ ಲೈನ್‌ಮ್ಯಾನ್ ಒಬ್ಬರು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬಿಡಿಸಿ ತೋರಿಸಿದರು. ಏಳನೇ ಕ್ಲಾಸು ಓದಿದ ನನಗೇ ಅರ್ಥವಾಯಿತು ಅಂದಮೇಲೆ ಯಾರಿಗಾದರೂ ಆಗುತ್ತದೆ.

ಮೊದಲು ಟಿ.ಸಿ.ಯಿಂದ ಶುರುಮಾಡೋಣ. ಟಿ.ಸಿ. ಒಳಗೆ 11 ಸಾವಿರ ವೋಲ್ಟ್ ಬಂದು, ಹೊರಗೆ ಮೂರು ಫೇಸ್ ಮತ್ತು ಒಂದು ನ್ಯೂಟ್ರಲ್ ಆಗಿ ಹೊರಡುತ್ತದೆ. ಫೇಸಿನಿಂದ ಫೇಸಿಗೆ ಸುಮಾರು 400 ವೋಲ್ಟ್, ಯಾವುದೇ ಫೇಸಿನಿಂದ ನ್ಯೂಟ್ರಲಿಗೆ 230. ಆ ನ್ಯೂಟ್ರಲನ್ನು ಟಿ.ಸಿ. ಬುಡದಲ್ಲೇ ಭೂಮಿಗೆ ಕಟ್ಟಿರುತ್ತಾರೆ. ಹಾಗಾಗಿ ನಮ್ಮ ಪೆಟ್ಟಿಗೆಗೆ ಫೇಸ್ ತಾಗಿದರೆ, ಕರೆಂಟು ನಮ್ಮ ಅರ್ಥ್ ಗೂಟದಿಂದ ಮಣ್ಣಿಗಿಳಿದು, ಮಣ್ಣಿನಲ್ಲೇ ಹೋಗಿ, ಟಿ.ಸಿ.ಯ ಅರ್ಥ್ ಪೈಪಿನಲ್ಲಿ ಮೇಲೆ ಹತ್ತಿ ನ್ಯೂಟ್ರಲ್ ಸೇರಬೇಕು. ಕರೆಂಟು ಭೂಮಿಗೆ ಹೋಗಿ ಮಾಯವಾಗುವುದಿಲ್ಲ, ಬಂದ ಕಡೆಗೇ ತಿರುಗಿ ಹೋಗಬೇಕು. ನಮ್ಮಲ್ಲಿ ಮುಕ್ಕಾಲು ಪಾಲು ಜನ ಇದನ್ನೇ ತಪ್ಪು ತಿಳಿದಿರುವುದು.

ಈಗ ಲೆಕ್ಕ. ನಮ್ಮ ಗೂಟದ ಅಡ್ಡಿ 20 ಓಮ್ ಅನ್ನಿ, ಟಿ.ಸಿ. ಅರ್ಥಿನದು 5 ಓಮ್. ಒಟ್ಟು 25. 230ನ್ನು 25ರಿಂದ ಭಾಗಿಸಿದರೆ 9 ಆಂಪಿಯರ್ ಚಿಲ್ಲರೆ. 5 ಎಚ್.ಪಿ. ಮೋಟಾರು ತಾನೇ 7ರಿಂದ 8 ಆಂಪಿಯರ್ ಎಳೆಯುತ್ತದೆ. ಎರಡೂ ಸೇರಿ 17. 20 ಆಂಪಿಯರಿನ ಫ್ಯೂಸ್ ತಂತಿ ಬಿಸಿಯಾಗುತ್ತದೆ, ಕರಗುವುದಿಲ್ಲ. ಅದೂ ಸರಿಯಾದ ಫ್ಯೂಸ್ ತಂತಿ ಇದ್ದರೆ. ನಾವು ಕೇಬಲ್ಲಿನ ನಾಲ್ಕು ಎಳೆ ಹೊಸೆದು ಹಾಕುವವರು! ಸ್ಟಾರ್ಟರಿನ ಓವರ್‌ಲೋಡ್ ರಿಲೇಗೂ ಇದು ಕಾಣುವುದಿಲ್ಲ, ಯಾಕೆಂದರೆ ತಂತಿ ತಾಗಿದ್ದು ರಿಲೇಗಿಂತ ಹಿಂದೆ. ಅಷ್ಟು ಹೊತ್ತೂ ಪೆಟ್ಟಿಗೆಯ ಮೈಮೇಲೆ ಎಷ್ಟು ವೋಲ್ಟ್? 9.2ಕ್ಕೆ 20 ಗುಣಿಸಿ: 184. ಅರ್ಥಿಂಗ್ ಇದ್ದೂ 184 ವೋಲ್ಟ್.

20 ಆಂಪಿಯರಿನ ಫ್ಯೂಸ್ ತಟ್ಟನೆ ಹೋಗಬೇಕಾದರೆ ಅದರ ಎರಡು ಪಟ್ಟಾದರೂ, ಅಂದರೆ 40 ಆಂಪಿಯರ್ ಹರಿಯಬೇಕು. ಅದಕ್ಕೆ ನಮ್ಮ ಗೂಟ, ಟಿ.ಸಿ. ಅರ್ಥ್ ಎರಡೂ ಸೇರಿ 6 ಓಮ್ ಒಳಗಿರಬೇಕು. ನಮ್ಮ ಗರಸಿನಲ್ಲಿ, ಅದೂ ಏಪ್ರಿಲ್ ತಿಂಗಳಲ್ಲಿ, ಅದು ಕನಸಿನ ಮಾತು.

ದನಗಳಿಗೆ ಇನ್ನೊಂದು ಕಷ್ಟವಿದೆ. ಗೂಟದ ಸುತ್ತಲಿನ ನೆಲದಲ್ಲೂ ವೋಲ್ಟೇಜು ಹರಡಿರುತ್ತದೆ, ಹತ್ತಿರ ಹೆಚ್ಚು, ದೂರ ಹೋದಂತೆ ಕಡಿಮೆ. ಮನುಷ್ಯನ ಎರಡು ಕಾಲಿನ ನಡುವೆ ಒಂದೆರಡು ಅಡಿ. ಎತ್ತಿನ ಮುಂಗಾಲು ಹಿಂಗಾಲಿನ ನಡುವೆ ನಾಲ್ಕೈದು ಅಡಿ. ಕರೆಂಟು ಎದೆಯ ಮೂಲಕವೇ ಹಾದುಹೋಗುತ್ತದೆ. ಮುಟ್ಟದೆಯೂ ಸಾಯಬಹುದು. ಟಿ.ಸಿ. ಕಂಬಕ್ಕಾಗಲಿ, ಅದರ ಎಳೆತಂತಿಗಾಗಲಿ ದನ ಕಟ್ಟುವವರಿಗೆ ಎಷ್ಟು ಹೇಳಿದರೂ ಸಾಲದು.

ಹಳೆಯ ಪೈಪು ಹೋಯಿತು, ಅರ್ಥೂ ಹೋಯಿತು

ಮೊದಲು ಕೊಳವೆಬಾವಿಗೆ ಕಬ್ಬಿಣದ ಕೇಸಿಂಗ್, ಒಳಗೆ ಜಿ.ಐ. ಪೈಪು ಇಳಿಸುತ್ತಿದ್ದೆವು. ಅದರ ಕ್ಲಾಂಪಿಗೆ ಅರ್ಥ್ ಬಿಗಿದರೆ ಸೀದಾ ನೀರಿನವರೆಗೂ ಕಬ್ಬಿಣ. ಗೊತ್ತಿಲ್ಲದೆಯೇ ಒಳ್ಳೆಯ ಅರ್ಥಿಂಗ್ ಸಿಕ್ಕಿಬಿಡುತ್ತಿತ್ತು. ಈಗ ಕೇಸಿಂಗ್ ಪಿ.ವಿ.ಸಿ., ಒಳಗಿನದು ಕರಿ ಎಚ್.ಡಿ.ಪಿ.ಇ. ಪೈಪು. ಎತ್ತಿ ಇಳಿಸಲು ಸುಲಭ, ತುಕ್ಕಿಲ್ಲ, ಎಲ್ಲಾ ಸರಿ. ಆದರೆ ಅದೇ ಕ್ಲಾಂಪಿಗೆ ಈಗಲೂ ಅರ್ಥ್ ತಂತಿ ಸುತ್ತುತ್ತಿದ್ದಾರೆ. ಅದು ಪ್ಲಾಸ್ಟಿಕ್ಕಿಗೆ ಕೊಟ್ಟ ಅರ್ಥ್. ಪೈಪು ಬದಲಿಸಿದವರು ಇವತ್ತೇ ಹೋಗಿ ನೋಡಿ.

ಇನ್ನೊಂದು ಚಾಳಿ. ಪಂಪಿನ ಮನೆಗೆ ಬರುವುದು ಹೆಚ್ಚಾಗಿ ಮೂರೇ ತಂತಿ, ನ್ಯೂಟ್ರಲ್ ಇರುವುದಿಲ್ಲ. ಬಲ್ಬು ಬೇಕು ಅಂತ ಒಂದು ಫೇಸ್ ಮತ್ತು ಅರ್ಥ್ ತಂತಿಯ ನಡುವೆ ಬಲ್ಬು ಹಾಕುತ್ತಾರೆ. ಗೂಟದ ಹತ್ತಿರ ತಂತಿ ತುಕ್ಕು ಹಿಡಿದು ಬಿಟ್ಟುಕೊಂಡಿತು ಅನ್ನಿ. ಬಲ್ಬಿನ ಮೂಲಕ ಬಂದ ಕರೆಂಟಿಗೆ ಹೋಗಲು ದಾರಿಯಿಲ್ಲ. ಅದೇ ಅರ್ಥ್ ತಂತಿಗೆ ಕಟ್ಟಿದ ಸ್ಟಾರ್ಟರ್ ಪೆಟ್ಟಿಗೆ ಪೂರ್ತಿ ಜೀವಂತ. ಕಾಯಲಿ ಅಂತ ಹಾಕಿದ ತಂತಿಯೇ ಕೊಲ್ಲುತ್ತದೆ. ರಾತ್ರಿ ತ್ರೀ ಫೇಸ್ ಬಂದಾಗ ಬರಿಗಾಲಲ್ಲಿ, ಕೆಸರಿನಲ್ಲಿ, ಕತ್ತಲಲ್ಲಿ ಹೋಗಿ ಮುಟ್ಟುವುದು ಅದೇ ಪೆಟ್ಟಿಗೆಯನ್ನು.

‘ಬಲ್ಬು ಚೆನ್ನಾಗಿ ಉರೀತದೆ, ಹಾಗಾದರೆ ಅರ್ಥ್ ಗಟ್ಟಿ’ ಅನ್ನುವುದೂ ಸುಳ್ಳು ಪರೀಕ್ಷೆ. ಉರಿಯುವ 100 ವ್ಯಾಟಿನ ಬಲ್ಬಿನ ಅಡ್ಡಿಯೇ 500 ಓಮ್ ಮೇಲೆ. ಅದರ ಮುಂದೆ ಗೂಟದ್ದು ಐದಾದರೇನು, ಇಪ್ಪತ್ತೈದಾದರೇನು, ಕಣ್ಣಿಗೆ ಗೊತ್ತಾಗುವುದಿಲ್ಲ. ಅರ್ಥ್ ಟೆಸ್ಟರ್ ಇಟ್ಟೇ ನೋಡಬೇಕು. ಊರಿನ ಹತ್ತು ಪಂಪ್‌ಸೆಟ್ಟಿನವರು ಸೇರಿ ಒಬ್ಬ ಲೈಸೆನ್ಸ್ ಇರುವ ಗುತ್ತಿಗೆದಾರರನ್ನು ಬೇಸಿಗೆಯಲ್ಲಿ ಒಂದು ದಿನ ಕರೆಸಿದರೆ ಎಲ್ಲರದೂ ಮುಗಿಯುತ್ತದೆ. ಮಳೆಗಾಲದಲ್ಲಿ ಅಳೆದರೆ ಒಳ್ಳೆಯ ಅಂಕಿ ಬರುತ್ತದೆ, ನಂಬಬೇಡಿ.

ಗುಂಡಿ ಮಾಡುವ ಕ್ರಮ ಇಷ್ಟು: 40 ಮಿ.ಮೀ. ಜಿ.ಐ. ಪೈಪು, ಎರಡೂವರೆ ಮೀಟರ್, ಅಂದರೆ ಎಂಟು ಅಡಿ ಉದ್ದ. ಮೈಗೆಲ್ಲ ತೂತು. ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ. ಉಪ್ಪು ಕಾಲಕ್ರಮದಲ್ಲಿ ಪೈಪನ್ನೇ ತಿನ್ನುತ್ತದೆ, ಬೆಂಟೊನೈಟ್ ಜೇಡಿ ಸಿಕ್ಕರೆ ಉತ್ತಮ. ಬಾಯಿಗೆ ಕೊಳವೆ ಬಿಟ್ಟು ಬೇಸಿಗೆಯಲ್ಲಿ ನೀರು ಹಾಕಬೇಕು. ನಾನು ಬದುವಿನ ತಗ್ಗಿನಲ್ಲಿ, ಡ್ರಿಪ್ ಫಿಲ್ಟರ್ ತೊಳೆದ ನೀರು ಹೋಗಿ ನಿಲ್ಲುವ ಕಡೆ ಗುಂಡಿ ತೋಡಿಸಿದ್ದೇನೆ, ಬಿಂದಿಗೆ ಹೊರುವ ಕೆಲಸ ತಪ್ಪಿತು. ಹೀಗೆ ಎರಡು ಗುಂಡಿ, ನಡುವೆ ಕನಿಷ್ಠ ಹದಿನಾರು ಅಡಿ. ಪೈಪಿನ ಉದ್ದದ ಎರಡು ಪಟ್ಟು ದೂರವಿಲ್ಲದಿದ್ದರೆ ಎರಡು ಗುಂಡಿಯೂ ಒಂದೇ ಗುಂಡಿಯ ಕೆಲಸ ಮಾಡುತ್ತವೆ. ತ್ರೀ ಫೇಸ್ ಮೋಟಾರಿನ ಮೈಗೆ ಎರಡು ಬೇರೆ ಬೇರೆ ಅರ್ಥ್ ಇರಬೇಕು ಅಂತ 1956ರ ನಿಯಮದಲ್ಲೇ ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮದಲ್ಲೂ ಇದೆ.

ಇಷ್ಟು ಮಾಡಿದರೂ 6 ಓಮ್ ಬರಲಿಕ್ಕಿಲ್ಲ. ಪೆಟ್ಟಿಗೆಯನ್ನು ನ್ಯೂಟ್ರಲಿಗೇ ಕಟ್ಟಿಬಿಟ್ಟರೆ ಫ್ಯೂಸ್ ಹಾರುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಹಾರುತ್ತದೆ ನಿಜ. ಆದರೆ ಗಾಳಿಗೆ ನ್ಯೂಟ್ರಲ್ ತಂತಿ ಕಿತ್ತರೆ ಆ ಸಾಲಿನಲ್ಲಿ ಉರಿಯುವ ಬಲ್ಬುಗಳ ಮೂಲಕ ನಿಮ್ಮ ಪೆಟ್ಟಿಗೆಗೆ ಕರೆಂಟು ಬರುತ್ತದೆ. ನಮ್ಮ ಹಳ್ಳಿ ಲೈನು ನಂಬಿ ಆ ಕೆಲಸ ಬೇಡ.

ನಮಗೆ ಉಳಿದ ದಾರಿ ಆರ್.ಸಿ.ಸಿ.ಬಿ. ಇದು ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡನ್ನೂ ತೂಗಿ ನೋಡುತ್ತದೆ. ಸ್ವಲ್ಪ ಮಣ್ಣಿಗೆ ಸೋರಿದರೂ ಕಟ್. ಪಂಪಿಗೆ ನಾಲ್ಕು ಪೋಲಿನದು, 100 ಮಿಲಿಆಂಪಿಯರ್ ಹಾಕಿಸಬಹುದು. ಗೂಟ 200 ಓಮ್ ಇದ್ದರೂ ಪೆಟ್ಟಿಗೆಯ ಮೇಲೆ 20 ವೋಲ್ಟ್ ದಾಟುವ ಮೊದಲೇ ಬೀಳುತ್ತದೆ. ಖರ್ಚು ಒಂದು ಸಲ ಮೋಟಾರು ರಿವೈಂಡಿಂಗ್ ಮಾಡಿಸಿದಷ್ಟೂ ಆಗದು. ಮೂರೇ ತಂತಿಯಿದ್ದರೂ ಕೆಲಸ ಮಾಡುತ್ತದೆ, ಆದರೆ ಹಲವು ಮಾದರಿಗಳಲ್ಲಿ ಟೆಸ್ಟ್ ಗುಂಡಿಗೆ ನ್ಯೂಟ್ರಲ್ ಬೇಕು, ಕೊಳ್ಳುವಾಗಲೇ ಕೇಳಿ. ಎರಡು ಫೇಸನ್ನು ಎರಡು ಕೈಯಲ್ಲಿ ಹಿಡಿದವನನ್ನು ಇದು ಉಳಿಸುವುದಿಲ್ಲ. ಇದರ ಹಿಂದಿನ ಕಂಬದ ಲೈನಿಗೂ ಇದಕ್ಕೂ ಸಂಬಂಧವಿಲ್ಲ.

ನಮ್ಮಲ್ಲಿ ಹಾಕಿಸಿದ ವಾರದಲ್ಲೇ ದಿನಕ್ಕೆ ಮೂರು ಸಲ ಬೀಳತೊಡಗಿತು. ಎಲೆಕ್ಟ್ರಿಷಿಯನ್ ‘ಇದನ್ನ ಬೈಪಾಸ್ ಮಾಡಿಬಿಡ್ಲಾ’ ಅಂದ. ಬೇಡ ಅಂದು ಪಂಪು ಎತ್ತಿಸಿದೆ. ಕೇಬಲ್ ಜಾಯಿಂಟಿನ ಟೇಪು ಕಲ್ಲಿಗೆ ಉಜ್ಜಿ ಬಿಚ್ಚಿಕೊಂಡು ನೀರಿಗೆ ಸೋರುತ್ತಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಮೋಟಾರೂ ಸುಡುತ್ತಿತ್ತು.

ಟಿ.ಸಿ. ಕಡೆಯದು ನಮ್ಮ ಕೆಲಸವಲ್ಲ, ಆದರೆ ದೂರ ನಿಂತು ನೋಡಬಹುದು. ನ್ಯೂಟ್ರಲಿನ ಅರ್ಥ್, ಟಿ.ಸಿ. ಮೈಯ ಅರ್ಥ್, ಸಿಡಿಲು ತಡೆಯುವ ಅರೆಸ್ಟರಿನ ಅರ್ಥ್ ಬೇರೆ ಬೇರೆ ಇಳಿದಿರಬೇಕು. ನ್ಯೂಟ್ರಲಿನ ಅರ್ಥ್ ಕಿತ್ತುಹೋದರೆ, ಯಾರದೋ ಹೊಲದಲ್ಲಿ ಒಂದು ಫೇಸ್ ನೆಲಕ್ಕೆ ತಾಗಿದಾಗ ಉಳಿದೆರಡು ಫೇಸ್ ನೆಲಕ್ಕೆ ಹೋಲಿಸಿದರೆ 400ಕ್ಕೆ ಏರುತ್ತವೆ, ನ್ಯೂಟ್ರಲ್ ತಂತಿಯಲ್ಲೇ 230 ಬರುತ್ತದೆ. ಪಟ್ಟಿ ಕಳ್ಳರ ಪಾಲಾಗಿದ್ದರೆ, ತುಂಡಾಗಿ ತೂಗಾಡುತ್ತಿದ್ದರೆ ಕೈ ಹಾಕಬೇಡಿ, ತೂಗಾಡುವ ತುಂಡಿನಲ್ಲೂ ಕರೆಂಟು ಇರಬಹುದು. 1912ಕ್ಕೆ ಫೋನು ಮಾಡಿ ದೂರಿನ ನಂಬರು ಬರೆದಿಟ್ಟುಕೊಳ್ಳಿ, ಜೊತೆಗೆ ಶಾಖಾ ಕಚೇರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಮ್ಮ ಟಿ.ಸಿ.ಗೆ ಎರಡು ಅರ್ಜಿ ಕೊಟ್ಟ ಮೇಲೆ ಬಂದರು, ಪಟ್ಟಿ ಹೊಸದು ಹಾಕಿದರು, ಗುಂಡಿಗೆ ನೀರು ಹಾಕುವುದನ್ನು ಮಾತ್ರ ನಾವೇ ಸರದಿ ಮೇಲೆ ಮಾಡುತ್ತಿದ್ದೇವೆ.