ವಸ್ತಿಯ ಹಿತ್ತಲು: ಶಿವರಾತ್ರಿಯಿಂದ ಯುಗಾದಿಯವರೆಗೆ

ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ, ಸಿಂದಗಿ ಸೀಮೆಯಲ್ಲಿ ಊರಿನ ಮನೆ ಬಿಟ್ಟು ಹೊಲದಲ್ಲೇ ಕಟ್ಟಿಕೊಂಡ ವಾಸಕ್ಕೆ ವಸ್ತಿ ಎನ್ನುತ್ತಾರೆ. ಒಂದೆರಡು ಖೋಲಿ, ಮುಂದೆ ಪತ್ರಾಸಿನ ನೆರಳು, ಪಕ್ಕದಲ್ಲಿ ದನ ಕಟ್ಟುವ ಜಾಗ, ಬಾವಿಯೋ ಬೋರೋ ಇದ್ದರೆ ಅದರ ಆಸರೆಯಲ್ಲೊಂದು ಹಿತ್ತಲು. ಮಕ್ಕಳು ಪುಣೆ, ಮುಂಬಯಿ, ಗೋವಾ ಕಡೆ ದುಡಿಯಲು ಹೋದ ಮನೆಗಳಲ್ಲಿ, ಮೊಮ್ಮಕ್ಕಳ ಸಾಲಿಗಾಗಿ ಸೊಸೆ ಊರಲ್ಲೇ ಉಳಿದ ಮನೆಗಳಲ್ಲಿ, ವಸ್ತಿಯನ್ನು ಹಿಡಿದು ಕೂತವರು ಸಾಮಾನ್ಯವಾಗಿ ವಯಸ್ಸಾದ ಗಂಡ-ಹೆಂಡತಿ. ದೊಡ್ಡ ಹೊಲವನ್ನು ಲಾವಣಿಗೆ ಕೊಟ್ಟರೂ ಅವರು ಹಿತ್ತಲನ್ನು ಬಿಡುವುದಿಲ್ಲ.

ಇದೇ ಸೀಮೆಯ ಗೊಳಸಂಗಿ ಎಂಬ ಊರಿನ ಸುತ್ತಿನ ನೆಲ ಹೆಚ್ಚಾಗಿ ಎರೆಭೂಮಿ. ದಖ್ಖನ್ನಿನ ಕರಿಕಲ್ಲು ಸಾವಿರಾರು ವರ್ಷ ಸವೆದು ಆದ ಈ ಮಣ್ಣು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬಿರುಕಿನಲ್ಲಿ ತಳದ ತೇವವೂ ಆರಿಹೋಗುತ್ತದೆ, ಎಳೆಯ ಬೇರೂ ಹರಿಯುತ್ತದೆ. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲೂ ಹೆಚ್ಚಿನ ಪಾಲು ಸೆಪ್ಟೆಂಬರ್ ಹೊತ್ತಿಗೆ ಸುರಿದುಬಿಡುತ್ತದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆಲಮಟ್ಟಿ ಜಲಾಶಯ ಇಲ್ಲಿಂದ ದೂರವಿಲ್ಲ. ಆದರೆ ಕಾಲುವೆಯ ನೀರು ಬರುವುದು ಪಾಳಿಯ ಮೇಲೆ, ಬಿಸಿಲು ಏರುವ ಹೊತ್ತಿಗೆ ಅದೂ ನಿಲ್ಲುತ್ತದೆ. ದಿನಾ ಸ್ವಲ್ಪ ಸ್ವಲ್ಪ ನೀರು ಬೇಡುವ ಹಿತ್ತಲು ಕೊನೆಗೂ ನಂಬುವುದು ಬಾವಿಯನ್ನು ಮತ್ತು ಬಚ್ಚಲ ನೀರನ್ನು.

ಇಲ್ಲಿ ವಸಂತವೆಂದರೆ ಚಿಕ್ಕ ಅವಧಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬುದು ಕರ್ನಾಟಕದ ಎಲ್ಲ ಕಡೆಯ ಮಾತು. ವಿಜಯಪುರ ಜಿಲ್ಲೆಯಲ್ಲಿ ಚಳಿ ಹೋದ ಹಿಂದೆಯೇ ಬಿಸಿಲು ಬಂದು ನಿಲ್ಲುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ಅಷ್ಟರೊಳಗೆ ಬೇಸಿಗೆಯ ಬೆಳೆ ನೆಲದಲ್ಲಿ ಬೇರು ಬಿಟ್ಟಿರಬೇಕು. ಬಿಳಿಜೋಳದ ಸುಗ್ಗಿಯೂ ಇದೇ ಹೊತ್ತಿಗೆ ಬರುವುದರಿಂದ ಕೆಲಸಕ್ಕೆ ಆಳು ಸಿಗುವುದಿಲ್ಲ. ಹಿತ್ತಲ ಕೆಲಸ ಇಬ್ಬರ ಕೈಯಲ್ಲೇ ಆಗಬೇಕು.

ಮೊದಲ ಕೆಲಸ ಚಳಿಗಾಲದ ಬೆಳೆಯನ್ನು ಮುಗಿಸುವುದು. ಹಗಲು ಉದ್ದವಾಗಿ ಬಿಸಿಲು ಏರಿದಂತೆ ಕೊತ್ತಂಬರಿ, ಮೆಂತ್ಯೆ, ಹಕ್ಕರಿಕಿ, ಪಾಲಕ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ತಿರುಗುತ್ತವೆ. ಎಲ್ಲವನ್ನೂ ಕಿತ್ತು ದನಕ್ಕೆ ಹಾಕಿದರೆ ಮುಂದಿನ ವರ್ಷಕ್ಕೆ ಬೀಜವಿಲ್ಲ. ಒಂದು ಮಡಿಯಲ್ಲಿ ಪುಷ್ಟಿಯಾದ ಗಿಡಗಳನ್ನು ಉಳಿಸಿ ಬಲಿಯಲು ಬಿಡುತ್ತಾರೆ. ಯಾವ ಗಿಡ ಉಳಿಯಬೇಕು ಎಂದು ನಿರ್ಧರಿಸುವವಳು ಮನೆಯ ಹಿರಿಯ ಹೆಂಗಸು. ಮೊದಲು ಹೂ ಬಿಟ್ಟ ಗಿಡವನ್ನು ಆಕೆ ಬೀಜಕ್ಕೆ ಇಡುವುದಿಲ್ಲ. ತಡವಾಗಿ ಹೂ ಬಿಟ್ಟು ಹೆಚ್ಚು ದಿನ ಎಲೆ ಕೊಟ್ಟದ್ದನ್ನು ಇಡುತ್ತಾಳೆ. ಇದು ಬರೀ ರೂಢಿಯಲ್ಲ, ಅಪ್ಪಟ ತಳಿ ಆಯ್ಕೆ. ಒಣಗಿದ ಬೀಜ ಬೂದಿಯೊಂದಿಗೆ ಬೆರೆತು ಗಡಿಗೆ ಸೇರುತ್ತದೆ. ಬೂದಿ ತೇವ ಹೀರುತ್ತದೆ, ಹುಳವನ್ನೂ ದೂರ ಇಡುತ್ತದೆ.

ಖಾಲಿಯಾದ ಜಾಗಕ್ಕೆ ತಿಪ್ಪೆಗೊಬ್ಬರ ಬೀಳುತ್ತದೆ. ಚೆನ್ನಾಗಿ ಕಳಿತು, ಕೈಯಲ್ಲಿ ಹಿಡಿದರೆ ಉದುರುವಂತಿರುವ ಗೊಬ್ಬರವೇ ಆಗಬೇಕು. ಹಸಿ ಗೊಬ್ಬರ ಗೆದ್ದಲು ತರುತ್ತದೆ. ಮಳೆಗಾಲದಲ್ಲಿ ಮಡಿಯನ್ನು ಎತ್ತರಿಸಿದರೆ ಬೇಸಿಗೆಗೆ ತಗ್ಗಿಸುತ್ತಾರೆ, ನೀರು ಹರಿದುಹೋಗದೆ ಅಲ್ಲೇ ಇಂಗಲೆಂದು. ಸಲಿಕೆ ಹಿಡಿದು ಮಡಿ, ಕಾಲುವೆ ತಿದ್ದುವುದು ಹೆಚ್ಚಾಗಿ ಗಂಡನ ಪಾಲು. ಬೀಜ ಊರುವುದು, ಕುರುಪಿ ಹಿಡಿದು ಕಳೆ ತೆಗೆಯುವುದು ಹೆಂಡತಿಯದು. ಮೊಣಕಾಲು ಬಗ್ಗದ ವಯಸ್ಸಿನಲ್ಲಿ ಈ ಪಾಲುಗಳು ಅದಲುಬದಲಾಗುವುದೂ ಉಂಟು.

ಬಿತ್ತನೆಯಲ್ಲಿ ಅನುಭವ ಎದ್ದು ಕಾಣುತ್ತದೆ. ಬೆಂಡಿ ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಊರುತ್ತಾರೆ. ಸಿಪ್ಪೆ ಗಟ್ಟಿಯಿರುವ ಹಾಗಲದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಕಂಡ ಮೇಲೆಯೇ ನೆಲಕ್ಕೆ ಹಾಕುತ್ತಾರೆ. ಹೀರಿ, ಸವತಿ, ಕುಂಬಳಕ್ಕೆ ಗುಂಡಿ ತೋಡಿ ಗೊಬ್ಬರ ತುಂಬಿ ಎರಡು ಮೂರು ಬೀಜ ಊರಿ, ಬಲವಾದ ಸಸಿಯನ್ನು ಮಾತ್ರ ಉಳಿಸುತ್ತಾರೆ. ಚವಳಿ ಬಿಸಿಲು ತಡೆಯುವ ಗಟ್ಟಿ ಬೆಳೆ, ಅದಕ್ಕೆ ಹಿತ್ತಲ ಅಂಚು ಸಾಕು. ರಾಜಗಿರಿ ತಿಂಗಳೊಳಗೆ ಪಲ್ಯಕ್ಕೆ ಬರುತ್ತದೆ. ಬದನೆ, ಮೆಣಸಿನ ಅಗಿಯನ್ನು ಸಂಜೆ ಹೊತ್ತಿನಲ್ಲೇ ನಾಟುತ್ತಾರೆ. ಬೆಳಿಗ್ಗೆ ನೆಟ್ಟದ್ದು ಮಧ್ಯಾಹ್ನಕ್ಕೆ ಬಾಡಿ ಬೀಳುತ್ತದೆ.

ಆಮೇಲಿನದ್ದೆಲ್ಲ ತೇವ ಕಾಯುವ ಕೆಲಸ. ಸುಗ್ಗಿಯಲ್ಲಿ ಉಳಿದ ಜೋಳದ ರವದಿ, ತೊಗರಿಯ ಹೊಟ್ಟು ಗಿಡಗಳ ಬುಡಕ್ಕೆ ಹೊದಿಕೆಯಾಗುತ್ತವೆ. ಹೊದಿಕೆ ಸಾಲದ ಕಡೆ ಮೇಲ್ಮಣ್ಣನ್ನು ಕುರುಪಿಯಿಂದ ಸಡಿಲಿಸಿ ಬಿರುಕು ಮುಚ್ಚುತ್ತಾರೆ. ಎರೆಹೊಲದಲ್ಲಿ ಎಡೆ ಹೊಡೆಯುವುದರ ಚಿಕ್ಕ ರೂಪ ಇದು. ನೀರು ಕೊಡುವುದು ಬೆಳಗಿನ ತಂಪಿನಲ್ಲಿ ಅಥವಾ ಹೊತ್ತು ಮುಳುಗುವಾಗ. ಹೀರಿ ಹೂ ಅರಳುವುದು ಸಂಜೆ. ಸಂಜೆ ಹಿತ್ತಲಲ್ಲಿ ಇದ್ದವರು ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸಿದರೆ ಕಾಯಿ ಕಟ್ಟುವುದು ಖಚಿತವಾಗುತ್ತದೆ. ಬೆಂಡಿಗೆ ಬಿಳಿನೊಣ ತರುವ ಹಳದಿ ರೋಗಕ್ಕೆ ಮದ್ದಿಲ್ಲ, ರೋಗ ಕಂಡ ಗಿಡವನ್ನು ಕೂಡಲೇ ಕಿತ್ತು ಸುಡಬೇಕು. ಉಳಿದ ಕೀಟಕ್ಕೆ ಬೇವಿನ ಬೀಜದ ಕಷಾಯ: ಲೀಟರ್ ನೀರಿಗೆ 50 ಗ್ರಾಂ ಕುಟ್ಟಿದ ತಿರುಳು, ರಾತ್ರಿ ನೆನೆಸಿ ಸೋಸಿದ್ದು.

ಹಿತ್ತಲ ಮೂಲೆಯಲ್ಲಿ ಒಂದು ಲಿಂಬಿ ಗಿಡ ಇದ್ದೇ ಇರುತ್ತದೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮಳೆಗಾಲದ ಕೊನೆಗೆ ಬಿಟ್ಟ ಹಸ್ತ ಬಹಾರದ ಹೂವಿನ ಕಾಯಿ ಈಗ ದಪ್ಪವಾಗುತ್ತಿರುತ್ತದೆ, ಬೇಸಿಗೆಯಲ್ಲಿ ಅದಕ್ಕೆ ಒಳ್ಳೆಯ ದರ. ಈ ವಾರಗಳಲ್ಲಿ ನೀರು ತಪ್ಪಿದರೆ ಕಾಯಿ ಉದುರುತ್ತದೆ. ಆದ್ದರಿಂದ ನೀರು ಕಡಿಮೆಯಾದಾಗ ಸೊಪ್ಪಿನ ಮಡಿಯನ್ನು ಬಿಟ್ಟು ಲಿಂಬಿಯನ್ನು ಉಳಿಸುತ್ತಾರೆ. ಆ ಲೆಕ್ಕ ಸರಿಯಾದದ್ದೇ.

ದಿನಕ್ಕೆ ಎರಡು ಸಲ ಪ್ರತಿ ಗಿಡವನ್ನೂ ಕಣ್ಣಾರೆ ನೋಡುವವರು ಇರುವುದರಿಂದಲೇ ಈ ಒಣಸೀಮೆಯ ಹಿತ್ತಲುಗಳು ಹಸಿರಾಗಿವೆ. ಈ ದುಡಿಮೆ ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಮನೆಯವರ ಲೆಕ್ಕದಲ್ಲೂ ಎಷ್ಟೋ ಸಲ ಇರುವುದಿಲ್ಲ. ಯುಗಾದಿಗೆ ಊರಿಗೆ ಬರುವ ಮಕ್ಕಳು ಬಾವಿಯ ಮೋಟಾರು, ಪೈಪು ಸರಿ ಮಾಡಿಸಿ, ಕೂತು ಕೆಲಸ ಮಾಡಲು ಒಂದು ಗಿಡ್ಡ ಮಣೆ, ಕೈಗೆ ಹಗುರಾದ ಸಲಿಕೆ ತಂದುಕೊಡಲಿ. ಹೊರಡುವಾಗ ಗಡಿಗೆಯ ಬೀಜದಲ್ಲಿ ಒಂದು ಹಿಡಿ ಕೇಳಿ ಪಡೆದು, ಅದನ್ನು ಯಾವಾಗ, ಹೇಗೆ ಊರಬೇಕೆಂದು ಬರೆದುಕೊಂಡು ಹೋಗಲಿ.